ಅಪ್‌ಡೇಟ್: ಪೋಲಿಷ್ ಕಲಿಯೋಕೆ ವ್ಯಾಕರಣವೋ, ಕಿವಿಯೋ? ಆರು ತಿಂಗಳ ನಂತರ

ಪೋಲೆಂಡ್‌ನ ಕ್ರಾಕುಫ್‌ಗೆ ಬಂದ ಹೊಸದರಲ್ಲಿ ಕೇಳಿದ್ದೆ: ವ್ಯಾಕರಣದ ಪುಸ್ತಕ ಹಿಡಿಯಲೋ, ಸುಮ್ನೆ ಕೇಳಿಸಿಕೊಳ್ಳುತ್ತಾ ಹೋಗಲೋ ಅಂತ. ಜಾಸ್ತಿ ಜನ 'ಕೇಳಿ, ತಾನಾಗೇ ಬರುತ್ತೆ' ಅಂದಿದ್ದಿರಿ. ಹಾಗೇ ಮಾಡಿದೆ.

ಮೂರು ತಿಂಗಳು ಬೆಳಿಗ್ಗೆ ಸಂಜೆ ರೇಡಿಯೋ. ಕಿವಿ ಪಳಗಿತು, ಸುಳ್ಳಲ್ಲ. ಟ್ರಾಮ್‌ನಲ್ಲಿ 'ನಸ್ತೆಂಪ್ನಿ ಪ್ಶಿಸ್ತಾನೆಕ್' ಅಂದರೆ ಮುಂದಿನ ಸ್ಟಾಪ್ ಅಂತ ಯಾರೂ ಹೇಳಿಕೊಡಲಿಲ್ಲ. ಎಡವಿದ್ದು ಕಾಫಿ ಹತ್ತಿರ. ಕಾಫಿಗೆ 'ಕಾವಾ'. ಕೊಡಿ ಅನ್ನುವಾಗ 'ಕಾವೆ', ಇಲ್ಲ ಅನ್ನುವಾಗ 'ಕಾವಿ'. ನಾನು ಮೂರೂ ಬೇರೆ ಬೇರೆ ಕಾಫಿ ಅಂದುಕೊಂಡಿದ್ದೆ!

ಆಮೇಲೆ ವ್ಯಾಕರಣದ ಪಟ್ಟಿ ತೆರೆದೆ. ಏಳು ವಿಭಕ್ತಿ. ಸ್ಕೂಲಲ್ಲಿ ಉ, ಅನ್ನು, ಇಂದ, ಗೆ ಅಂತ ಬಾಯಿಪಾಠ ಮಾಡಿದವರಿಗೆ ಇದೇನು ಹೊಸದಲ್ಲ, ಅಲ್ವಾ? ಆದರೆ ಇಲ್ಲಿ ಲಿಂಗ, ವಚನ ನೋಡಿಕೊಂಡು ಪ್ರತ್ಯಯವೇ ಬದಲಾಗುತ್ತದೆ. ದುಡ್ಡು ಎಣಿಸುವುದಂತೂ ಕೇಳಲೇಬೇಡಿ. ನಮಗೆ ರೂಪಾಯಿ ಇದ್ದಹಾಗೆ ಇಲ್ಲಿ 'ಜ್ವೊತಿ'. ಎರಡು, ಮೂರು, ನಾಲ್ಕಕ್ಕೆ 'ಜ್ವೊತೆ', ಐದಾದರೆ 'ಜ್ವೊತಿಹ್'. 12ಕ್ಕೂ 'ಜ್ವೊತಿಹ್', 22ಕ್ಕೆ ಮತ್ತೆ 'ಜ್ವೊತೆ'. ಬರೀ ಕೇಳಿ ಇದನ್ನು ಊಹಿಸೋಕೆ ನನ್ನಿಂದಂತೂ ಆಗುತ್ತಿರಲಿಲ್ಲ.

ಈಗ ವಾರಕ್ಕೊಂದೇ ವಿಭಕ್ತಿ. ಹತ್ತು ನಿಮಿಷ ಓದುತ್ತೇನೆ, ಆಮೇಲೆ ವಾರವಿಡೀ ರೇಡಿಯೋದಲ್ಲಿ ಅದನ್ನೇ ಹುಡುಕುತ್ತೇನೆ. ನಿನ್ನೆ ಬೇಕರಿ ಅಜ್ಜಿ ಬೆಲೆ ಹೇಳಿದ್ದು ಒಂದೇ ಸಲಕ್ಕೆ ಅರ್ಥವಾಯಿತು. ಚಿಲ್ಲರೆ ಇದೆಯಾ ಅಂತ ಕೇಳಿದ್ದು ಮಾತ್ರ ಆಗಲಿಲ್ಲ.