ಇಗರ್ಜಿಯಲ್ಲಿ ನಾನು ನೆಂಟನಾ, ಮನೆಯವನಾ?

ಕುಂಬಳೆಯವ: ನಮ್ಮದು ಮನೆಯಲ್ಲಿ ಕನ್ನಡ, ಇಗರ್ಜಿಯಲ್ಲಿ ಎಲ್ಲ ಮಲಯಾಳ. ಪೂಜೆ ಮುಗಿದ ಮೇಲೆ ಎಲ್ಲರೂ ಗುಂಪಾಗಿ ಮಾತಾಡುತ್ತಾರೆ, ನಾನು ಸುಮ್ನೆ ಚಪ್ಪಲಿ ಹುಡುಕುವವನ ಹಾಗೆ ನಿಂತಿರುತ್ತೇನೆ. ಏನು ಮಾಡಲಿ?

ಬೇಳದ ಅಕ್ಕ: ತಮ್ಮಾ, ಲೂಕ 10 ಓದು. ಗಾಯಗೊಂಡವನನ್ನು ಎತ್ತಿದ್ದು ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದವನು. ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಜಾಸ್ತಿ ಖರ್ಚಾದರೆ ಬಂದು ಕೊಡುತ್ತೇನೆ ಅಂದ. ಯೇಸು ಮಾದರಿಯಾಗಿ ತೋರಿಸಿದ್ದು ಹೊರಗಿನವನನ್ನೇ ಅಲ್ವಾ?

ಗೇರುತೋಟ: ಸರಿ ಅಕ್ಕ, ಆದರೆ ಒಬ್ಬನೇ ನಿಂತವನಿಗೆ ಕತೆ ಸಾಕಾಗುವುದಿಲ್ಲ. ಇಲ್ಲಿ ಕಾಸರಗೋಡಿನಲ್ಲಿ ಗೇರುತೋಟಕ್ಕೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರಲ್ಲ, ಆ ಕಾಲದಲ್ಲಿ ಹುಟ್ಟಿದ ಒಬ್ಬ ನಮ್ಮ ನೆರೆಮನೆಯಲ್ಲಿ ಹಾಸಿಗೆಯಲ್ಲೇ ಇದ್ದಾನೆ. ಆದಿತ್ಯವಾರ ನಾನೂ ಇಗರ್ಜಿಯ ಒಬ್ಬ ಮಲಯಾಳಿ ಚೇಟ್ಟನೂ (ಅಣ್ಣ) ಅವನನ್ನು ಮೀಯಿಸುತ್ತೇವೆ. ಚೇಟ್ಟ 'ವೆಳ್ಳಂ' (ನೀರು) ಅಂದಾಗ ನಾನು ಬಾಲ್ದಿ ಕೊಡುತ್ತೇನೆ, ಅಷ್ಟೇ ಮಾತು. ಬರ್ತೀಯಾ ಮಾರಾಯ?

ಕುಂಬಳೆಯವ: ಎಷ್ಟು ಗಂಟೆಗೆ?