ಫಿಸಿಯೋ ಮೇಡಂ ಜೊತೆ ಪ್ರಶ್ನೋತ್ತರ: ಮಸಲ್, ಪ್ರೋಟೀನ್, ಹಿಮ್ಮಡಿ ನೋವು

ಜಿಮ್ ಹೊಸಬ: ಮೇಡಂ, ಮಸಲ್ ಬೆಳೀಬೇಕಂದ್ರೆ ದಿನಕ್ಕೆ ಎಷ್ಟು ಪ್ರೋಟೀನ್ ತಿನ್ಬೇಕು?

ಫಿಸಿಯೋ: ಭಾರ ಎತ್ತೋರಿಗೆ ಮೈತೂಕದ ಕಿಲೋಗೆ ಸುಮಾರು 1.6 ಗ್ರಾಂ. ಎತ್ತದೆ ಬರೀ ತಿಂದ್ರೆ ಮಸಲ್ ಬರಲ್ಲ.

ಸಂಜೆ ಓಟ: ನನಗೆ 62. ಮೂತ್ರದ ಸೋಂಕಿಗೆ ಸಿಪ್ರೊಫ್ಲೊಕ್ಸಾಸಿನ್ ತಗೋತಿದ್ದೀನಿ, ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆ ಮೊದಲಿಂದ ಇದೆ. ಈಗ ಹಿಮ್ಮಡಿ ಮೇಲೆ ನೋವು, ಬೆಳಗ್ಗೆ ಎದ್ದಾಗ ಬಿಗಿತ. ಓಡಿದ್ರೆ ಸಡಿಲ ಆಗುತ್ತಾ?

ಫಿಸಿಯೋ: ಓಡಬೇಡಿ. ಮೊದಲು ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ, ಇವತ್ತೇ. ಸಿಪ್ರೊ, ಲಿವೊಫ್ಲೊಕ್ಸಾಸಿನ್ ತರದ ಆಂಟಿಬಯೋಟಿಕ್‌ಗಳು ಅಪರೂಪಕ್ಕೆ ಟೆಂಡನ್ನನ್ನೇ, ಅಂದ್ರೆ ಮಸಲನ್ನ ಮೂಳೆಗೆ ಕಟ್ಟೋ ಗಟ್ಟಿ ಪಟ್ಟಿಯನ್ನೇ, ಸೊರಗಿಸ್ತವೆ. ಹೆಚ್ಚಾಗಿ ಪೆಟ್ಟು ಬೀಳೋದು ಹಿಮ್ಮಡಿ ಮೇಲಿನ ಅಕಿಲಿಸ್ ಟೆಂಡನ್‌ಗೆ, ಅಂದ್ರೆ ನಿಮಗೆ ನೋಯ್ತಿರೋ ಜಾಗಕ್ಕೇ. 2008ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇವುಗಳಿಗೆ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿತು. 60 ದಾಟಿದ್ರೆ ಅಪಾಯ ಜಾಸ್ತಿ, ಸ್ಟೀರಾಯ್ಡ್ ಜೊತೆಗಿದ್ರೆ ಇನ್ನೂ ಜಾಸ್ತಿ. ನಿಮಗೆ ಎರಡೂ ಇವೆ. ಸ್ಟೀರಾಯ್ಡನ್ನ ನೀವೇ ನಿಲ್ಲಿಸಬೇಡಿ, ಅದು ಬೇರೆ ಅನಾಹುತ. ಹಿಂದಿನಿಂದ ಯಾರೋ ಒದ್ದ ಹಾಗೆ ಟಪ್ ಅಂದು, ಆಮೇಲೆ ತುದಿಗಾಲಲ್ಲಿ ನಿಲ್ಲೋಕೆ ಆಗದಿದ್ರೆ ನೇರ ಆಸ್ಪತ್ರೆಗೆ ಹೋಗಿ. ಪರೀಕ್ಷೆಗೆ ಅಂತ ಕುಪ್ಪಳಿಸಿ ನೋಡೋದು ಬೇಡ.

ಶುಭೋದಯ: *ಫಾರ್ವರ್ಡ್* ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿದ್ರೆ ಹಿಮ್ಮಡಿ ನೋವು 3 ದಿನದಲ್ಲಿ ಮಾಯ 🙏

ಫಿಸಿಯೋ: ಮೇಲಿನ ಉತ್ತರ ಓದಿ ಇದನ್ನ ಹಾಕಿದ್ರಾ? ಸೊರಗಿರೋ ಟೆಂಡನ್ ತಿಕ್ಕೋಕೆ ಹೇಳ್ತಿದ್ದೀರಿ. ದಯವಿಟ್ಟು ಅಳಿಸಿ.

ಶುಭೋದಯ: ಒಳ್ಳೇದಕ್ಕೇ ಹಾಕಿದ್ದು ಮೇಡಂ.

ಬೆಟ್ಟ ಹತ್ತೋನು: ನನಗೂ ಅಲ್ಲೇ ನೋವು, ಆದ್ರೆ ಯಾವ ಮಾತ್ರೆನೂ ಇಲ್ಲ. ತಿಂಗಳಲ್ಲಿ ಓಟ ದುಪ್ಪಟ್ಟು ಮಾಡಿದ್ದೆ.

ಫಿಸಿಯೋ: ಮಸಲ್ ಬೇಗ ಬಲಿಯುತ್ತೆ, ಟೆಂಡನ್ ನಿಧಾನ. ಕಾಲಿಗೆ ಬಲ ಬಂತು ಅಂತ ಓಟ ಏರಿಸ್ತೀರಿ, ಟೆಂಡನ್ ಹಿಂದೆ ಬಿದ್ದಿರುತ್ತೆ. ಪೂರ್ತಿ ವಿಶ್ರಾಂತಿ ಬೇಡ. ಹಿಮ್ಮಡಿ ನಿಧಾನಕ್ಕೆ ಎತ್ತಿ ಇಳಿಸಿ, ವಾರವಾರ ಭಾರ ಸೇರಿಸಿ, 12 ವಾರ ಬಿಡದೆ. ಸ್ವಲ್ಪ ನೋವು ಪರವಾಗಿಲ್ಲ, ಮಾರನೇ ಬೆಳಗ್ಗೆ ಹೆಚ್ಚಾಗಿದ್ರೆ ಭಾರ ಇಳಿಸಿ.

ಹೊಸ ಸದಸ್ಯೆ: ಪ್ರೋಟೀನ್ ಎಷ್ಟು ತಿನ್ಬೇಕು?

ಫಿಸಿಯೋ: ಮೇಲಿದೆ.

ಕಬ್ಬಿಣದ ತೋಳು: ಕ್ರಿಯೇಟಿನ್ ತಗೊಂಡ್ರೆ ಕೂದಲು ಉದುರುತ್ತಾ?

ಲೆಕ್ಕದವರು: ಪ್ರೋಟೀನ್ ಜಾಸ್ತಿ ತಿಂದ್ರೆ ಕಿಡ್ನಿ ಹೋಗುತ್ತೆ, ಅದನ್ನ ಯಾರೂ ಹೇಳಲ್ಲ.

ಜಿಮ್ ಹೊಸಬ: ಯಾರದ್ದು ಹೋಯ್ತು ಹೇಳಿ ನೋಡೋಣ.

ಲೆಕ್ಕದವರು: ನಿನ್ನ ವಯಸ್ಸಿಗೆ ಎಲ್ಲಾ ತಮಾಷೆನೇ.

ಜಿಮ್ ಹೊಸಬ: ವಯಸ್ಸು ಯಾಕೆ ಮಧ್ಯೆ ಬಂತು? ವಾದ ಇದ್ರೆ ಮಾಡಿ.

ಫಿಸಿಯೋ: ಕಿಡ್ನಿ ಕಾಯಿಲೆ ಮೊದಲೇ ಇದ್ದೋರು ಡಾಕ್ಟರನ್ನ ಕೇಳದೆ ಹೆಚ್ಚಿಸಬಾರದು. ಆರೋಗ್ಯವಂತರಿಗೆ ನಾನು ಹೇಳಿದ ಅಳತೆಯಿಂದ ತೊಂದರೆ ಕಂಡಿಲ್ಲ. ಜಗಳ ಬೇರೆ ಕಡೆ ಆಡಿ.

ಬೆಟ್ಟ ಹತ್ತೋನು: ಕೊಲಾಜನ್ ಪುಡಿ?

ಫಿಸಿಯೋ: ವ್ಯಾಯಾಮಕ್ಕೆ ಮುಂಚೆ ವಿಟಮಿನ್ ಸಿ ಜೊತೆ ಜೆಲಟಿನ್ (ಕೊಲಾಜನ್‌ನಿಂದಲೇ ಮಾಡಿದ್ದು) ಕೊಟ್ಟಾಗ, ಟೆಂಡನ್ ಕಟ್ಟೋ ಪ್ರೋಟೀನ್ ಆದ ಕೊಲಾಜನ್ ತಯಾರಿಯ ಗುರುತು ರಕ್ತದಲ್ಲಿ ಏರಿದೆ. ಅಷ್ಟಕ್ಕೇ ನೋವು ಹೋಗುತ್ತೆ ಅನ್ನೋಕಾಗಲ್ಲ. ಭಾರ ಎತ್ತಿ.

ಸಂಜೆ ಓಟ: ಡಾಕ್ಟರು ಮಾತ್ರೆ ಬದಲಾಯಿಸಿದ್ರು. ಇವತ್ತು ಮೆಲ್ಲಗೆ ಒಂದೇ ಸುತ್ತು?

ಫಿಸಿಯೋ: ಬೇಡ ಅಂದೆನಲ್ಲ! ಸಿಪ್ರೊ ನಿಲ್ಲಿಸಿ ತಿಂಗಳುಗಳಾದ ಮೇಲೂ ಟೆಂಡನ್ ಹರಿದಿದ್ದುಂಟು. ಕಾಲನ್ನ ಯಾರಾದ್ರೂ ಮುಟ್ಟಿ ನೋಡಿದ್ರಾ, ಇಲ್ಲ ಫೋನಲ್ಲೇ ಮುಗೀತಾ?