ಎದುರಾಳಿಗೆ ನಾಚಿಕೆಯೇ ಇಲ್ಲದಿದ್ದರೆ ಸತ್ಯಾಗ್ರಹ ಹೇಗೆ ಕೆಲಸ ಮಾಡುತ್ತದೆ?

ತುಂಗಾತೀರ:
ಸತ್ಯಾಗ್ರಹದ ಬಗ್ಗೆ ಓದಿದಲ್ಲೆಲ್ಲ ಒಂದೇ ಮಾತು: ನಾವು ನೋವುಂಡರೆ ಎದುರಾಳಿಯ ಮನಸ್ಸು ಕರಗುತ್ತದೆ. ಬ್ರಿಟಿಷರಿಗೆ ಪಾರ್ಲಿಮೆಂಟು, ಪತ್ರಿಕೆಗಳ ಅಂಜಿಕೆಯಾದರೂ ಇತ್ತು. 2021ರಲ್ಲಿ ಮ್ಯಾನ್ಮಾರ್‌ನಲ್ಲಿ ಅಧಿಕಾರ ಕಸಿದುಕೊಂಡ ಸೈನ್ಯ ಬೀದಿಗಿಳಿದ ಹುಡುಗರ ಮೇಲೆ ನೇರವಾಗಿ ಗುಂಡು ಹಾರಿಸಿತು, ಇಂಟರ್ನೆಟ್ ಕಡಿದುಹಾಕಿತು. ಅಂಥವರ ಮನಸ್ಸು ಎಲ್ಲಿ ಕರಗೀತು? ತತ್ವದ ಮಾತು ಸಾಕಷ್ಟು ಕೇಳಿದ್ದೇನೆ. ಇದು ಒಳಗಿನಿಂದ ಹೇಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ ಬಲ್ಲವರು ಬಿಡಿಸಿ ಹೇಳಿ.

ಹಳೇ ಕಡತ:
ಮನಸ್ಸು ಕರಗಿದರೆ ಒಳ್ಳೆಯದೇ. ಆದರೆ ಅದನ್ನೇ ನೆಚ್ಚಿಕೊಂಡು ಗೆದ್ದ ಚಳವಳಿ ಕಡಿಮೆ. 1928ರಲ್ಲಿ ಗುಜರಾತಿನ ಬಾರ್ಡೋಲಿ ತಾಲ್ಲೂಕಿನಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಿ. ಮುಂಬೈ ಸರ್ಕಾರ ಕಂದಾಯವನ್ನು ಶೇ. 22ರಷ್ಟು ಏರಿಸಿತು. ಫೆಬ್ರವರಿ 12ರಂದು ರೈತರು ಕಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಕಟ್ಟದಿದ್ದರೆ ಜಪ್ತಿ. ಸರಿ, ಜಪ್ತಿ ನಡೆಯಲು ಏನೇನು ಬೇಕು? ಮನೆ ತೋರಿಸಲು ಊರಿನ ಪಟೇಲ ಬೇಕು, ಕೈಗೆ ಸಿಗುವ ಸಾಮಾನು ಬೇಕು, ಹೊರಲು ಆಳು ಬೇಕು, ಹರಾಜು ಕೂಗಲು ಗಿರಾಕಿ ಬೇಕು. ವಲ್ಲಭಭಾಯಿ ಪಟೇಲರು ಕೈಹಾಕಿದ್ದು ಇಲ್ಲಿಗೇ. ಅಧಿಕಾರಿ ಊರಿನತ್ತ ಬರುತ್ತಿದ್ದಾನೆ ಅಂದರೆ ನಗಾರಿ ಬಾರಿಸುತ್ತಿದ್ದರು, ಮನೆಗಳಿಗೆ ಬೀಗ ಬೀಳುತ್ತಿತ್ತು. ಎಮ್ಮೆ ಹಿಡಿದೊಯ್ಯುತ್ತಾರೆಂದು ಜನ ದನಕರುಗಳ ಜೊತೆ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಒಳಗೇ ಬದುಕಿದರು. ಬಿಸಿಲು ಕಾಣದೆ ಎಮ್ಮೆಗಳ ಬಣ್ಣವೇ ಬಿಳಿಚಿತ್ತು. ಎಷ್ಟೋ ಊರ ಪಟೇಲರು, ತಲಾಟಿಗಳು (ಊರ ಲೆಕ್ಕಿಗರು) ರಾಜೀನಾಮೆ ಕೊಟ್ಟರು. ಜಪ್ತಿಗೆಂದು ಸರ್ಕಾರ ಹೊರಗಿನಿಂದ ಪಠಾಣರನ್ನು ಕರೆತರಬೇಕಾಯಿತು.

ಇದಕ್ಕೆಲ್ಲ ತಾಲ್ಲೂಕನ್ನು 13 ಶಿಬಿರಗಳಾಗಿ ಹಂಚಿ, ಒಂದೊಂದಕ್ಕೂ ಹೊಣೆಗಾರನನ್ನು ಕೂರಿಸಿದ್ದರು. ಸುದ್ದಿಗೆ ಸ್ವಂತ ಪತ್ರಿಕೆ ಇತ್ತು. ಬಹಿಷ್ಕಾರಕ್ಕೂ ಮಿತಿ ಇತ್ತು: ಅಧಿಕಾರಿಗೆ ಅನ್ನ ನೀರು ತಪ್ಪಿಸುವಂತಿಲ್ಲ. ಆಗಸ್ಟ್‌ನಲ್ಲಿ ಸರ್ಕಾರ ರಾಜಿಗೆ ಬಂತು. ಆಮೇಲೆ ವಿಚಾರಣೆ ನಡೆಸಿದ ಮ್ಯಾಕ್ಸ್‌ವೆಲ್ ಮತ್ತು ಬ್ರೂಮ್‌ಫೀಲ್ಡ್ ಏರಿಕೆಯನ್ನು ಶೇ. 6.03ಕ್ಕೆ ಇಳಿಸಿದರು.

ಇದೇ ಕರನಿರಾಕರಣೆ 1932ರಲ್ಲಿ ನಮ್ಮ ಅಂಕೋಲಾ, ಸಿದ್ದಾಪುರದ ಕಡೆ ನಡೆದಾಗ ಫಲ ಇಷ್ಟು ಬೇಗ ಸಿಗಲಿಲ್ಲ. ಹೋದ ಜಮೀನು ಕೈಗೆ ಬರಲು 1937ರ ಕಾಂಗ್ರೆಸ್ ಮಂತ್ರಿಮಂಡಲದವರೆಗೆ ಕಾಯಬೇಕಾಯಿತು. ಅಷ್ಟು ವರ್ಷ ಆ ಮನೆಗಳ ಒಲೆ ಹೇಗೆ ಉರಿಯಬೇಕು ಎಂಬ ಲೆಕ್ಕವಿಲ್ಲದೆ ಪ್ರತಿಜ್ಞೆ ಮಾಡಿಸುವುದು ಜನರಿಗೆ ಮಾಡುವ ಅನ್ಯಾಯ.

ಮಲ್ಲಿಗೆಮೊಗ್ಗು:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ತಾಲೀಮು. ಹೊಡೆತ ಬಿದ್ದಾಗ ಕೈ ತಾನಾಗಿ ಏಳುತ್ತದೆ, ಅದು ಮೈಯ ಗುಣ. ಉಪನ್ಯಾಸ ಕೇಳಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ನಾಗಪುರದಲ್ಲಿ ಕೆಲ ವರ್ಷ ಇದ್ದು ಹೋದ ಜೇಮ್ಸ್ ಲಾಸನ್ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ವಿದ್ಯಾರ್ಥಿಗಳನ್ನು ಚರ್ಚಿನ ಕೋಣೆಯಲ್ಲಿ ಕೂರಿಸಿ ತಿಂಗಳುಗಟ್ಟಲೆ ಇದನ್ನೇ ಮಾಡಿಸಿದರು. ಅರ್ಧ ಜನ ಕುರ್ಚಿಯಲ್ಲಿ, ಉಳಿದವರು ಅವರನ್ನು ಬೈಯುವುದು, ತಳ್ಳುವುದು. ಆಮೇಲೆ ಅದಲುಬದಲು. 1960ರ ಫೆಬ್ರವರಿಯಲ್ಲಿ ಬಿಳಿಯರಿಗೇ ಮೀಸಲಾಗಿದ್ದ ಊಟದ ಕೌಂಟರುಗಳಲ್ಲಿ ಹೋಗಿ ಕೂತಾಗ ಅವರ ಬಳಿ ಬರೆದ ನಿಯಮಗಳಿದ್ದವು: ತಿರುಗಿ ಹೊಡೆಯಬೇಡ, ಬೈಯಬೇಡ, ನಗಬೇಡ. ನೆಟ್ಟಗೆ ಕೂತು ಮುಖ ಕೌಂಟರಿನ ಕಡೆಗೇ ಇರಲಿ. ಮುಂದಾಳು ಹೇಳುವವರೆಗೆ ಜಾಗ ಬಿಟ್ಟು ಏಳಬೇಡ. ಬಾಗಿಲಿಗೆ ಅಡ್ಡ ನಿಲ್ಲಬೇಡ.

‘ನಗಬೇಡ’ ಅನ್ನುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹೆದರಿದ ಗುಂಪು ನಗುತ್ತದೆ, ಎದುರಿನವನಿಗೆ ಅದು ಹಂಗಿಸಿದ ಹಾಗೆ ಕೇಳುತ್ತದೆ, ಅಲ್ಲಿಂದ ಕೈಕೈ ಮಿಲಾಯಿಸಲು ಹೆಚ್ಚು ಹೊತ್ತು ಬೇಡ.

ಫೆಬ್ರವರಿ 27ರಂದು ಪೊಲೀಸರು 81 ಜನರನ್ನು ಬಂಧಿಸಿದರು. ಒಂದು ತಂಡವನ್ನು ಎಬ್ಬಿಸಿದರೆ ಇನ್ನೊಂದು ಬಂದು ಅದೇ ಕುರ್ಚಿಗಳಲ್ಲಿ ಕೂತಿತು. 50 ಡಾಲರ್ ದಂಡ ಕಟ್ಟಲಿಲ್ಲ, ಬದಲಿಗಿದ್ದ 33 ದಿನದ ಶಿಕ್ಷೆಯನ್ನೇ ಆರಿಸಿಕೊಂಡರು. ಜೊತೆಗೆ ಈಸ್ಟರ್ ಹೊತ್ತಿಗೆ ಕಪ್ಪು ಜನ ಪೇಟೆಯಲ್ಲಿ ಖರೀದಿ ನಿಲ್ಲಿಸಿದ್ದರಿಂದ ವ್ಯಾಪಾರಿಗಳಿಗೆ ಏಟು ಬಿತ್ತು. ಮೇ 10ಕ್ಕೆ ಕೌಂಟರುಗಳು ಎಲ್ಲರಿಗೂ ತೆರೆದವು.

ಕೆಂಪುಮಣ್ಣು:
ಇಬ್ಬರೂ ಗೆದ್ದ ಉದಾಹರಣೆಗಳನ್ನೇ ಕೊಟ್ಟಿದ್ದೀರಿ. ಕೇಳಿದ್ದು ಮ್ಯಾನ್ಮಾರ್ ಬಗ್ಗೆ. ಅಲ್ಲಿ ಅಸಹಕಾರಕ್ಕೆ ಏನೂ ಕೊರತೆಯಿರಲಿಲ್ಲ. ಡಾಕ್ಟರು, ಮೇಷ್ಟ್ರು, ರೈಲ್ವೆ ನೌಕರರು, ಬ್ಯಾಂಕಿನವರು ಕೆಲಸ ಬಿಟ್ಟರು. ರಾತ್ರಿ ಎಂಟಕ್ಕೆ ಮನೆಮನೆಯಲ್ಲಿ ಪಾತ್ರೆ ಬಡಿದರು. ಆದರೂ ಸೆಪ್ಟೆಂಬರ್ 7ಕ್ಕೆ, ಸೈನ್ಯದ ವಿರೋಧಿಗಳು ಕಟ್ಟಿದ ಪರ್ಯಾಯ ಸರ್ಕಾರವೇ ಸಶಸ್ತ್ರ ಯುದ್ಧ ಸಾರಿತು. ಕಾರಣ ಸೈನ್ಯದ ರಚನೆಯಲ್ಲೇ ಇದೆ. ಅದಕ್ಕೆ ತನ್ನದೇ ಕಂಪನಿಗಳಿವೆ, ಅನಿಲ ಮಾರಾಟದ ಡಾಲರು ಬರುತ್ತದೆ. ಸೈನಿಕರು ಹೆಂಡತಿ ಮಕ್ಕಳ ಸಮೇತ ಬೇರೆಯೇ ವಸತಿಯಲ್ಲಿರುತ್ತಾರೆ. ಕೆಲವರು ಬಂದೂಕು ಬಿಟ್ಟು ಬಂದರು, ಆದರೆ ಇಡೀ ತುಕಡಿಗಳು ಒಡೆಯಲಿಲ್ಲ.

ಇದರ ಪಕ್ಕಕ್ಕೆ ಸೆರ್ಬಿಯಾ ಇಡಿ. 2000ದ ಸೆಪ್ಟೆಂಬರ್ ಕೊನೆಯಲ್ಲಿ ಕೊಲುಬಾರಾ ಕಲ್ಲಿದ್ದಲು ಗಣಿಯವರು ಸರ್ವಾಧಿಕಾರಿ ಮಿಲೊಸೆವಿಚ್ ವಿರುದ್ಧ ಮುಷ್ಕರ ಹೂಡಿದರು. ದೇಶದ ಅರ್ಧದಷ್ಟು ಕರೆಂಟು ಆ ಕಲ್ಲಿದ್ದಲಿನದು. ಗಣಿ ತೆರವು ಮಾಡಲು ಕಳಿಸಿದ ಪೊಲೀಸರು ಬಲ ಪ್ರಯೋಗಿಸದೆ ಜನರಿಗೆ ದಾರಿ ಬಿಟ್ಟರು. ಅಕ್ಟೋಬರ್ 5ಕ್ಕೆ ಮಿಲೊಸೆವಿಚ್ ಆಳ್ವಿಕೆ ಕುಸಿಯಿತು. ಆಳುವವರ ದುಡ್ಡು ನಿಮ್ಮ ಕೈ ದಾಟಿ ಹೋಗುತ್ತಿಲ್ಲವಾದರೆ ನೀವು ಕೈ ಹಿಂತೆಗೆದರೂ ಅವರಿಗೆ ತಟ್ಟುವುದು ತಡವಾಗಿಯೇ.

ತುಂಗಾತೀರ:
ಕೆಂಪುಮಣ್ಣು ಅವರೇ, ಇದೇ ನನ್ನನ್ನು ಕಾಡುತ್ತಿದ್ದದ್ದು. ಇನ್ನೊಂದು ಸಂದೇಹ. ಬೀದಿಯಲ್ಲಿ ಸೇರಿದರೆ ಗುಂಡು ಬೀಳುವುದು ಖಚಿತ ಅಂತ ಗೊತ್ತಿದ್ದರೆ? ನಮ್ಮವನೇ ಒಬ್ಬ ಕಲ್ಲೆಸೆದರೆ?

ಹಳೇ ಕಡತ:
ಕಲ್ಲಿನ ಮಾತು ಮೊದಲು. ಆಮೇಲೆ ಕ್ಷಮೆ ಕೇಳಿದರೆ ಸರಿಹೋಗುವುದಿಲ್ಲ. ಆ ಒಂದು ಕಲ್ಲಿನಿಂದ, ಗುಂಡು ಹಾರಿಸಲು ಹಿಂದೆಮುಂದೆ ನೋಡುತ್ತಿದ್ದ ಪೊಲೀಸನಿಗೆ ನೆಪ ಸಿಗುತ್ತದೆ. ಅದಕ್ಕೇ ಗುಂಪಿನೊಳಗೆ ಗುರುತಿನ ಪಟ್ಟಿ ಕಟ್ಟಿದ ಸ್ವಯಂಸೇವಕರು ಬೇಕು. ಯಾರಾದರೂ ಕಲ್ಲೆತ್ತಿದರೆ ಸುತ್ತಲಿದ್ದವರು ಕೂತುಬಿಡಬೇಕೆಂದು ಮೊದಲೇ ಹೇಳಿರಬೇಕು. ಆಗ ನಿಂತವನು ಒಬ್ಬನೇ ಕಾಣುತ್ತಾನೆ. 1922ರಲ್ಲಿ ಚೌರಿ ಚೌರಾದಲ್ಲಿ ಠಾಣೆಗೆ ಬೆಂಕಿ ಬಿದ್ದು 22 ಪೊಲೀಸರು ಸತ್ತಾಗ ಗಾಂಧೀಜಿ ಇಡೀ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು. ಸಂಗಡಿಗರೇ ಸಿಟ್ಟಾದರು, ಆದರೆ ನನ್ನ ಪ್ರಕಾರ ಅವರ ಲೆಕ್ಕ ಸರಿಯಾಗಿತ್ತು: ಶಿಸ್ತು ಅಷ್ಟು ದೂರ ಇನ್ನೂ ಹಬ್ಬಿರಲಿಲ್ಲ.

ಗುಂಡು ಖಚಿತವಾದರೆ ಸೇರಲೇಬೇಡಿ, ಚದುರಿ. ಚಿಲಿಯಲ್ಲಿ 1983ರ ಮೇ ತಿಂಗಳಲ್ಲಿ ತಾಮ್ರದ ಗಣಿ ಕಾರ್ಮಿಕರು ಮುಷ್ಕರಕ್ಕೆ ಕರೆ ಕೊಟ್ಟಿದ್ದರು. ಸರ್ವಾಧಿಕಾರಿ ಪಿನೊಚೆಟ್‌ನ ಸೈನ್ಯ ಗಣಿಗಳನ್ನು ಸುತ್ತುವರಿಯಿತು. ಮುಖಂಡರು ಮುಷ್ಕರ ಕೈಬಿಟ್ಟು, ಮೇ 11ಕ್ಕೆ ಬೇರೆ ಕರೆ ಕೊಟ್ಟರು: ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ನಿಧಾನವಾಗಿ ನಡೆಯಿರಿ, ಗಾಡಿ ನಿಧಾನವಾಗಿ ಓಡಿಸಿ, ರಾತ್ರಿ ಎಂಟಕ್ಕೆ ಪಾತ್ರೆ ಬಡಿಯಿರಿ. ನಿಧಾನವಾಗಿ ನಡೆದದ್ದಕ್ಕೆ ಯಾರನ್ನು ಹಿಡಿಯುವುದು? ಅಲ್ಲಿಯವರೆಗೆ ಪ್ರತಿ ಮನೆಯೂ ತಾನೊಬ್ಬನೇ ವಿರೋಧಿ ಅಂದುಕೊಂಡಿತ್ತು. ಆ ರಾತ್ರಿ ಪಕ್ಕದ ಮನೆಯ ಪಾತ್ರೆಯ ಸದ್ದು ಕೇಳಿಸಿತು.